ಲಿಮಿಟೆಡ್ ಎಡಿಷನ್ ಪ್ರಿಂಟ್ ತರುತ್ತಿದ್ದೇನೆ: ಎಷ್ಟು ಪ್ರತಿ, ಯಾವ ಕಾಗದ, ಕೊಳ್ಳುವವರಿಗೆ ಮೊದಲೇ ಏನೇನು ಹೇಳಬೇಕು?

ಗೆರೆಗಾರ್ತಿ

ಎಲ್ಲರಿಗೂ ನಮಸ್ಕಾರ. ನಾನು ಪುಸ್ತಕ, ಪತ್ರಿಕೆಗಳಿಗೆ ಚಿತ್ರ ಬರೆಯುವವಳು. ಈಗ ನನ್ನದೇ ಒಂದು ಚಿತ್ರವನ್ನು ಲಿಮಿಟೆಡ್ ಎಡಿಷನ್ ಪ್ರಿಂಟ್ ಆಗಿ ತರಲು ಹೊರಟಿದ್ದೇನೆ. ಮರದ ಪೊಟರೆಯೊಳಗೆ ಕೂತ ಗೂಬೆ. ಸುತ್ತ ಕಡು ನೀಲಿ ಕತ್ತಲು. ಪುಕ್ಕಗಳೆಲ್ಲ ಕೂದಲೆಳೆಯಂಥ ಗೆರೆಯಲ್ಲಿವೆ. ಗೆರೆ ಕೈಯಿಂದ ಇಂಕಿನಲ್ಲಿ ಬರೆದದ್ದು, ಬಣ್ಣ ಕಂಪ್ಯೂಟರಿನಲ್ಲಿ ತುಂಬಿದ್ದು.

ಸದ್ಯಕ್ಕೆ ಅಂದುಕೊಂಡಿರುವುದು ಇಷ್ಟು. ಎ3 ಅಳತೆ, 50 ಪ್ರತಿ, ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ ಇಂಕ್ (ಬೇಗ ಮಾಸದ ಇಂಕ್‌ಜೆಟ್ ಮುದ್ರಣ). ಪ್ರತಿಯೊಂದರ ಮೇಲೂ ಸಂಖ್ಯೆ ಮತ್ತು ಸಹಿ. 50 ಮುಗಿದರೆ ಮುಗಿಯಿತು, ಮತ್ತೆ ಮುದ್ರಿಸುವುದಿಲ್ಲ.

ಕೇಳಬೇಕಾಗಿರುವುದು: 50 ಅನ್ನುವುದು ಸರಿಯಾದ ಸಂಖ್ಯೆಯಾ? ಮುಂದೆ ಯಾವಾಗಲಾದರೂ ಇದೇ ಗೂಬೆಯನ್ನು ಪೋಸ್ಟ್‌ಕಾರ್ಡ್ ಮಾಡಿದರೆ ಪ್ರಿಂಟ್ ಕೊಂಡವರಿಗೆ ಅನ್ಯಾಯವಾಗುತ್ತದಾ? ಬೆಲೆ ಬಗ್ಗೆ ಬೇರೆ ಯಾವಾಗಲಾದರೂ ಮಾತಾಡೋಣ. ನನಗೆ ಈಗ ಬೇಕಿರುವುದು ಇದನ್ನು ಸರಿಯಾಗಿ ಮಾಡುವ ದಾರಿ.

ಮಸಿಕೈ

ಒಳ್ಳೆಯ ಕೆಲಸ, ಮೇಡಂ. ನಾನು ಮುದ್ರಣದವನು, ಹೆಚ್ಚಾಗಿ ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿ ಬಟ್ಟೆಯ ಮೂಲಕ ಬಣ್ಣ ಒತ್ತುವ ಮುದ್ರಣ. ಸಂಖ್ಯೆ ಗಿಂಖ್ಯೆ ಆಮೇಲೆ, ಮೊದಲು ಫೈಲ್ ನೋಡಿಕೊಳ್ಳಿ.

ಎ3 ಅಂದರೆ 297 × 420 ಮಿ.ಮೀ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3508 × 4961 ಪಿಕ್ಸೆಲ್ ಬೇಕು. ಸಾಮಾನ್ಯ ಚಿತ್ರಕ್ಕೆ ಇಷ್ಟು ಸಾಕು. ಆದರೆ ನಿಮ್ಮ ಪುಕ್ಕದ ಗೆರೆ ಅಷ್ಟು ಸಣ್ಣದಿದ್ದರೆ 600ಕ್ಕೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಸಣ್ಣ ಸ್ಕ್ಯಾನನ್ನು ಆಮೇಲೆ ಹಿಗ್ಗಿಸಿದರೆ ಗೆರೆಯ ಅಂಚು ಮಂಕಾಗುತ್ತದೆ. ಯಾವ ಕಾಗದ ಹಾಕಿದರೂ ಅದು ಸರಿಹೋಗುವುದಿಲ್ಲ.

ಇನ್ನು ಆ ಕಡು ನೀಲಿ. ಅದೇ ನಿಮಗೆ ಜಾಸ್ತಿ ಕೆಲಸ ಕೊಡುವುದು. ಪರದೆ ತಾನೇ ಬೆಳಕು ಕೊಡುತ್ತದೆ, ಕಾಗದ ಕೋಣೆಯ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಅದರಲ್ಲೂ ಹೊಳಪಿಲ್ಲದ ಹತ್ತಿ ಕಾಗದದಲ್ಲಿ ಕಪ್ಪು ಅಷ್ಟು ಗಾಢವಾಗಿ ಕೂರುವುದಿಲ್ಲ. ಪರದೆಯ ಮೇಲೆ ನಾಲ್ಕು ಥರ ಕಾಣುವ ನೀಲಿ, ಕಾಗದದ ಮೇಲೆ ಎಲ್ಲ ಸೇರಿ ಒಂದೇ ಕತ್ತಲೆ ಗೋಡೆ ಆಗಿಬಿಡಬಹುದು. ಮುದ್ರಿಸುವವರ ಹತ್ತಿರ ಆ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಅಂತ ಕಂಪ್ಯೂಟರಿಗೆ ತಿಳಿಸುವ ಫೈಲ್) ಕೇಳಿ ತೆಗೆದುಕೊಳ್ಳಿ. ಅದನ್ನು ಹಾಕಿ ಪರದೆಯಲ್ಲೇ ಪ್ರೂಫ್ ನೋಡಿ. ನೆರಳಿನ ಭಾಗ ಸ್ವಲ್ಪ ಎತ್ತಬೇಕಾಗಿ, ಅಂದರೆ ತಿಳಿ ಮಾಡಬೇಕಾಗಿ ಬರುತ್ತದೆ.

ಆದರೂ ಪರದೆಯನ್ನೇ ನಂಬಬೇಡಿ. ಗೂಬೆಯ ಕಣ್ಣು ಮತ್ತು ಪೊಟರೆಯ ಅತಿ ಕತ್ತಲ ಮೂಲೆ, ಎರಡೂ ಬರುವಂತೆ ಒಂದು ಪಟ್ಟಿ ಕತ್ತರಿಸಿ ಪೂರ್ತಿ ಅಳತೆಯಲ್ಲೇ ಟೆಸ್ಟ್ ಹೊಡೆಸಿ. ಅದನ್ನು ಹಗಲು ಬೆಳಕಿನಲ್ಲೂ ನೋಡಿ, ರಾತ್ರಿ ದೀಪದ ಕೆಳಗೂ ನೋಡಿ. ಗೋಡೆಗೆ ಹೋದ ಮೇಲೆ ಚಿತ್ರ ಬದುಕುವುದು ಆ ಎರಡು ಬೆಳಕಿನಲ್ಲೇ ಅಲ್ವಾ?

ಸಂಗ್ರಹಪ್ರಿಯೆ

ನಾನು ಪ್ರಿಂಟ್ ಕೊಳ್ಳುವವರ ಕಡೆಯಿಂದ ಮಾತಾಡುತ್ತೇನೆ. 50 ಆಗಲಿ, 30 ಆಗಲಿ, 200 ಆಗಲಿ, ನನಗೆ ಅಂಥ ವ್ಯತ್ಯಾಸವಿಲ್ಲ. ನೀವು 50 ಅಂದ ಮೇಲೆ ಏನೇನು ಆ 50ರ ಒಳಗೆ, ಏನೇನು ಹೊರಗೆ ಅನ್ನುವುದು ಮಾರಾಟ ಶುರುವಾಗುವ ಮೊದಲೇ ಬರಹದಲ್ಲಿ ಇರಬೇಕು. ಅದೊಂದೇ ನನ್ನ ಬೇಡಿಕೆ. ಎಡಿಷನ್ ಸಂಖ್ಯೆ ಅಂದರೆ ಕಲಾವಿದೆ ಕೊಡುವ ಮಾತು. ಮಾತು ಕೊಡುವಾಗಲೇ ಪೂರ್ತಿ ಕೊಡಬೇಕು, ಆಮೇಲೆ ಬಿಡಿಸಿ ಹೇಳುವುದಲ್ಲ.

ಇದು ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಒಂದು ನಡೆದ ಸಂಗತಿ. ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ ತಮ್ಮ ಹಳೆಯ ಫೋಟೋಗಳನ್ನು, ಬಣ್ಣಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸುವ ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ಲಿಮಿಟೆಡ್ ಎಡಿಷನ್ ಆಗಿ ಮಾರಿದ್ದರು. 2012ರಲ್ಲಿ ಅವೇ ಫೋಟೋಗಳಲ್ಲಿ ಕೆಲವು ದೊಡ್ಡ ಅಳತೆಯ ಡಿಜಿಟಲ್ ಪಿಗ್ಮೆಂಟ್ ಪ್ರಿಂಟ್‌ಗಳಾಗಿ ಹರಾಜಿಗೆ ಬಂದವು. ಹಳೆಯ ಪ್ರತಿಗಳನ್ನು ಕೊಂಡಿದ್ದ ಒಬ್ಬ ಸಂಗ್ರಾಹಕರು ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ನ್ಯಾಯಾಲಯ ಆ ದಾವೆಯನ್ನು ವಜಾ ಮಾಡಿತು. ಅಳತೆ ಬೇರೆ, ವಿಧಾನ ಬೇರೆ, ಹಾಗಾಗಿ ಅದು ಬೇರೆಯೇ ಎಡಿಷನ್ ಅನ್ನುವುದು ತೀರ್ಪಿನ ಸಾರ.

ಕಾನೂನಿನ ಪ್ರಕಾರ ಕಲಾವಿದರು ಗೆದ್ದರು. ಆದರೆ ಮೊದಲು ಕೊಂಡವರ ಜಾಗದಲ್ಲಿ ನಿಂತು ಯೋಚಿಸಿ. ಅವರಿಗೆ ಗೊತ್ತಿದ್ದದ್ದು ಚಿತ್ರ ಮತ್ತು ಸಂಖ್ಯೆ. ಅಳತೆ ಬದಲಾದರೆ ಲೆಕ್ಕ ಮತ್ತೆ ಒಂದರಿಂದ ಶುರು ಅಂತ ಎಷ್ಟು ಜನ ಅಂದುಕೊಂಡಿರುತ್ತಾರೆ?

ಪೋಸ್ಟ್‌ಕಾರ್ಡ್ ಬಗ್ಗೆ ನನಗೆ ಏನೂ ತಕರಾರಿಲ್ಲ. ಮೊದಲೇ ಹೇಳಿದರೆ ಸಾಕು.

ತೆರೆದಬಾಗಿಲು

ನಾನೂ ಚಿತ್ರ ಬರೆಯುವವನೇ. ಇಲ್ಲಿ ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಿತಿ ಯಾಕೆ ಬೇಕು?

ಹಿಂದೆ ಮಿತಿಗೆ ಕಾರಣ ಇತ್ತು. ಮರದ ಅಚ್ಚು ಸವೆಯುತ್ತಿತ್ತು. ಜಪಾನಿನ ಕಲಾವಿದ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರ ಬಂದದ್ದು ಸುಮಾರು 1831ರಲ್ಲಿ. ಅದಕ್ಕೆ ಸಂಖ್ಯೆಯೂ ಇಲ್ಲ, ಪೆನ್ಸಿಲ್ ಸಹಿಯೂ ಇಲ್ಲ. ಸಾವಿರಗಟ್ಟಲೆ ಹೊಡೆದರು. ತಡವಾಗಿ ಹೊಡೆದ ಪ್ರತಿಗಳಲ್ಲಿ ಗೆರೆ ಅಲ್ಲಲ್ಲಿ ತುಂಡಾಗಿರುವುದು ಕಾಣುತ್ತದೆ. ರವಿವರ್ಮ 1894ರಲ್ಲಿ ಮುದ್ರಣಾಲಯ ಶುರು ಮಾಡಿದ್ದೇ ಚಿತ್ರ ಎಲ್ಲರ ಗೋಡೆಗೂ ಹೋಗಲಿ ಅಂತ. ಡಿಜಿಟಲ್ ಫೈಲ್ ಅಂತೂ ಸವೆಯುವುದೇ ಇಲ್ಲ. ಮೊದಲ ಪ್ರತಿಗೂ ಐದು ಸಾವಿರದ ಪ್ರತಿಗೂ ವ್ಯತ್ಯಾಸವಿಲ್ಲ. ಹಾಗಿದ್ದ ಮೇಲೆ 51ನೆಯವರಿಗೆ ಯಾಕೆ ಇಲ್ಲ ಅನ್ನಬೇಕು?

ನಡುವಿನ ದಾರಿ ಒಂದಿದೆ. ಸಂಖ್ಯೆಯ ಬದಲು ಸಮಯ ಗೊತ್ತು ಮಾಡಿ. ಒಂದು ವಾರ ಆರ್ಡರ್ ತೆರೆದಿಡಿ. ಆ ವಾರದಲ್ಲಿ ಎಷ್ಟು ಜನ ಕೇಳಿದರೋ ಅಷ್ಟೇ ಮುದ್ರಿಸಿ, ಅಲ್ಲಿಗೆ ಮುಚ್ಚಿ. ಮೊದಲ ಐದು ನಿಮಿಷದಲ್ಲಿ ಬಟನ್ ಒತ್ತಿದವರಿಗೆ ಮಾತ್ರ ಅನ್ನುವ ಓಟ ಇರುವುದಿಲ್ಲ. ಕೊಂಡು ಮರುದಿನವೇ ಮೂರು ಪಟ್ಟು ಬೆಲೆಗೆ ಮಾರುವವರಿಗೂ ಅಲ್ಲಿ ಕೆಲಸವಿಲ್ಲ.

ಮಸಿಕೈ

ತೆರೆದಬಾಗಿಲು ಅವರು ಹೇಳಿದ ಸವೆತದ ಮಾತು ನಿಜ. ಡ್ರೈಪಾಯಿಂಟ್‌ನಲ್ಲಿ ಅದು ಇನ್ನೂ ಜೋರು. ತಾಮ್ರದ ತಗಡನ್ನು ಸೂಜಿಯಿಂದ ಗೀರಿದಾಗ ಗೀರಿನ ಅಂಚಿಗೆ ಲೋಹ ಎದ್ದು ನಿಲ್ಲುತ್ತದೆ. ಆ ಎದ್ದ ಅಂಚು ಮಸಿ ಹಿಡಿದುಕೊಂಡರೇನೇ ಗೆರೆಗೆ ಆ ಮಖಮಲ್ಲಿನ ಮೆತ್ತನೆ ಬರುವುದು. ಪ್ರೆಸ್ಸಿನ ಒತ್ತಡಕ್ಕೆ ಅದು ಬೇಗ ಚಪ್ಪಟೆಯಾಗುತ್ತದೆ. ಅದಕ್ಕೇ ಅಲ್ಲಿ ಮೊದಲ ಪ್ರತಿಗಳಿಗೆ ಬೆಲೆ ಜಾಸ್ತಿ.

ಆದರೆ ಮಿತಿ ಅಂದರೆ ಬರೀ ಸವೆತ ಅಲ್ಲ ಸರ್. ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಪರದೆ. ಆರು ಬಣ್ಣ ಇದ್ದರೆ ಅದೇ ಹಾಳೆ ಆರು ಸಲ ಕೈಗೆ ಬರುತ್ತದೆ, ಆರು ಸಲ ಆರಬೇಕು, ಆರು ಸಲವೂ ಜಾಗಕ್ಕೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಆ ಹಾಳೆ ಹೋಯಿತು. 50 ಒಳ್ಳೆಯ ಪ್ರತಿ ಬೇಕಾದರೆ ಅದಕ್ಕಿಂತ ಜಾಸ್ತಿ ಹಾಳೆಯಿಂದಲೇ ಶುರು ಮಾಡುತ್ತೇವೆ. ಅಲ್ಲಿ ಸಂಖ್ಯೆ ಹುಟ್ಟುವುದು ಕೈಯ ಶ್ರಮದಿಂದ.

ಪಿಗ್ಮೆಂಟ್ ಪ್ರಿಂಟ್‌ನಲ್ಲಿ ಹಾಗಿಲ್ಲ, ಒಪ್ಪುತ್ತೇನೆ. ಆದರೂ ಪ್ರತಿಯೊಂದನ್ನೂ ಕಲಾವಿದೆ ಕೂತು ಪರೀಕ್ಷೆ ಮಾಡಿ, ಸಹಿ ಹಾಕಿ, ತಾನೇ ಸುತ್ತಿ ಕಳಿಸುತ್ತಾರೆ ಅಂದರೆ ಅದಕ್ಕೂ ಒಂದು ಮಿತಿ ತಾನಾಗಿಯೇ ಇರುತ್ತದೆ. ನನ್ನ ಮಟ್ಟಿಗೆ 50 ಸರಿಯಾಗಿದೆ.

ಹೊಸಗೋಡೆ

ನಾನು ಪ್ರಿಂಟ್ ಕೊಳ್ಳುವುದಕ್ಕೆ ಈಗಷ್ಟೇ ಶುರು ಮಾಡಿದ್ದೇನೆ. ಹಾಗಾದರೆ ಪಿಗ್ಮೆಂಟ್ ಪ್ರಿಂಟ್‌ನಲ್ಲಿ 1/50 ಸಿಕ್ಕವರಿಗೂ 43/50 ಸಿಕ್ಕವರಿಗೂ ಏನೂ ವ್ಯತ್ಯಾಸ ಇಲ್ವಾ? ಇನ್ನೊಂದು, ಅದು ನಿಜವಾಗಲೂ ಒಳ್ಳೆಯ ಪ್ರಿಂಟಾ ಅಥವಾ ಸುಮ್ನೆ ಪೋಸ್ಟರ್‌ಗೆ ಸಹಿ ಹಾಕಿದ್ದಾ ಅಂತ ಹೇಗೆ ಗೊತ್ತಾಗುತ್ತದೆ?

ಮಸಿಕೈ

ಮುದ್ರಣದಲ್ಲಿ ವ್ಯತ್ಯಾಸ ಇಲ್ಲ. ಸ್ಕ್ರೀನ್ ಪ್ರಿಂಟ್‌ನಲ್ಲಿ ಕೂಡ ಹಾಳೆಗಳು ಆರುವ ರ‍್ಯಾಕ್‌ನಿಂದ ಯಾವ ಕ್ರಮದಲ್ಲಿ ಇಳಿದವೋ ಆ ಕ್ರಮದಲ್ಲಿ ಸಂಖ್ಯೆ ಬೀಳುತ್ತದೆ. 1 ಅಂದರೆ ಮೊದಲು ಹೊಡೆದದ್ದು ಅಂತೇನಿಲ್ಲ.

ಎರಡನೆಯದಕ್ಕೆ ಒಂದು ಭೂತಗನ್ನಡಿ ತೆಗೆದುಕೊಳ್ಳಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ತೆಳು ಬಣ್ಣ ಇರುವ ಜಾಗದ ಮೇಲಿಟ್ಟು ನೋಡಿ. ಪೋಸ್ಟರಿನ ಆಫ್‌ಸೆಟ್ ಮುದ್ರಣ ಆಗಿದ್ದರೆ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲಾಗಿ, ಸಣ್ಣ ಸಣ್ಣ ಹೂವಿನ ಆಕಾರದಲ್ಲಿ ಕೂತಿರುತ್ತವೆ. ಇಂಕ್‌ಜೆಟ್ ಆಗಿದ್ದರೆ ಚುಕ್ಕಿಗಳಿಗೆ ಸಾಲಿಲ್ಲ, ಧೂಳು ಉದುರಿಸಿದ ಹಾಗೆ ಚೆದುರಿರುತ್ತವೆ. ಸ್ಕ್ರೀನ್ ಪ್ರಿಂಟ್‌ನಲ್ಲಿ ಬಣ್ಣ ಅಖಂಡವಾಗಿ, ಪದರವಾಗಿ ಕೂತಿರುತ್ತದೆ. ಒಂದು ಬಣ್ಣ ಇನ್ನೊಂದರ ಮೇಲೆ ಹತ್ತಿದ ಅಂಚು ಓರೆ ಬೆಳಕಿನಲ್ಲಿ ಕಾಣುತ್ತದೆ. ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಹಾಗಂತ ಇಂಕ್‌ಜೆಟ್ ಕೀಳಲ್ಲ. ಸಂಗೀತಗಾರ ಗ್ರಹಾಂ ನ್ಯಾಶ್ ಅವರ ನ್ಯಾಶ್ ಎಡಿಷನ್ಸ್ 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದಾಗ, ಛಾಪಖಾನೆಯ ಪ್ರೂಫ್ ತೆಗೆಯಲು ಮಾಡಿದ್ದ ಐರಿಸ್ ಯಂತ್ರವನ್ನೇ ಕಲಾಮುದ್ರಣಕ್ಕೆ ಒಗ್ಗಿಸಿಕೊಂಡಿದ್ದರು. ಆಗಿನ ಡೈ ಇಂಕ್ ಬೆಳಕಿಗೆ ಬೇಗ ಮಾಸುತ್ತಿತ್ತು, ಆ ಕೆಟ್ಟ ಹೆಸರು ಬಹಳ ಕಾಲ ಉಳಿಯಿತು. ಈಗಿನ ಪಿಗ್ಮೆಂಟ್ ಇಂಕ್ ಬೇರೆಯೇ. ಬಣ್ಣ ನೀರಿನಲ್ಲಿ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ಕಾಗದದ ಲೇಪನದ ಮೇಲೆ ಕೂರುತ್ತದೆ. ಅದಕ್ಕೇ ಹೆಚ್ಚು ಬಾಳುತ್ತದೆ.

ಗೆರೆಗಾರ್ತಿ

ಎಲ್ಲರಿಗೂ ಧನ್ಯವಾದ. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ.

ತೆರೆದಬಾಗಿಲು ಅವರೇ, ನಿಮ್ಮ ಮಾತು ನನಗೆ ತಟ್ಟಿತು. ಆದರೂ 50ಕ್ಕೇ ನಿಲ್ಲುತ್ತೇನೆ. ಪ್ರತಿಯೊಂದು ಹಾಳೆಯನ್ನೂ ನಾನೇ ನೋಡಿ ಕಳಿಸಬೇಕು ಅನ್ನುವುದು ನನ್ನ ಆಸೆ. ಆರ್ಡರ್ ತೆರೆದಿಟ್ಟು 600 ಬಂದರೆ ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಪೋಸ್ಟ್‌ಕಾರ್ಡ್ ಮಾತ್ರ ಎಲ್ಲರಿಗೂ ಸಿಗುವ ಹಾಗೆ ಇರಲಿ, ಮಿತಿ ಬೇಡ.

ಎಪಿ ಅಂತ ಬರೆಯುತ್ತಾರಲ್ಲ, ಆರ್ಟಿಸ್ಟ್ ಪ್ರೂಫ್, ಕಲಾವಿದರು ತಮಗಾಗಿ ಇಟ್ಟುಕೊಳ್ಳುವ ಪ್ರತಿ, ಅದು 50ರ ಒಳಗೋ ಹೊರಗೋ? ಎಷ್ಟು ಇಟ್ಟುಕೊಳ್ಳಬಹುದು?

ಸಂಗ್ರಹಪ್ರಿಯೆ

ಹೊರಗೆ. ರೂಢಿಯಲ್ಲಿ ಎಡಿಷನ್ನಿನ ಹತ್ತನೇ ಒಂದು ಭಾಗದಷ್ಟು ಇಟ್ಟುಕೊಳ್ಳುತ್ತಾರೆ. 50ಕ್ಕೆ 5. ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್ 1967ರಲ್ಲಿ ತಂದ, ನಟಿ ಮರ್ಲಿನ್ ಮನ್ರೋ ಮುಖದ ಮರ್ಲಿನ್ ಸರಣಿಯಲ್ಲಿ 10 ಚಿತ್ರಗಳು, ಒಂದೊಂದಕ್ಕೂ 250 ಪ್ರತಿ. ಅದರ ಮೇಲೆ ಇಂಗ್ಲಿಷ್ ಅಕ್ಷರಮಾಲೆಯ ಒಂದೊಂದು ಅಕ್ಷರ ಹಾಕಿದ 26 ಎಪಿ. ಅಂದರೆ ಆಗಲೂ ಸುಮಾರು ಅದೇ ಪ್ರಮಾಣ. ನೀವೂ ಎಪಿಗಳಿಗೆ 1/5, 2/5 ಅಂತ ಸಂಖ್ಯೆ ಹಾಕಿ. ಬರೀ ಎಪಿ ಅಂತ ಬರೆದುಬಿಟ್ಟರೆ ಅವು ಎಷ್ಟಿವೆ ಅಂತ ಹೊರಗಿನವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಡುತ್ತಿದ್ದದ್ದು ಜಗಜ್ಜಾಹೀರು. ಅಂಥ ಸಾವಿರಾರು ಹಾಳೆಗಳ ಮೇಲೆ ಯಾರು ಯಾರೋ ಏನೇನೋ ಮುದ್ರಿಸಿದರು. ಇವತ್ತಿಗೂ ಡಾಲಿಯ ಕೊನೆಗಾಲದ ಪ್ರಿಂಟ್ ಅಂದರೆ ಕೊಳ್ಳುವವರು ಹಿಂದೆ ಮುಂದೆ ನೋಡುತ್ತಾರೆ. ಸಹಿ ನಿಜ, ಆದರೂ ಪ್ರಿಂಟ್ ನಂಬುವ ಹಾಗಿಲ್ಲ. ಒಬ್ಬ ದೊಡ್ಡ ಕಲಾವಿದನ ಒಳ್ಳೆಯ ಪ್ರಿಂಟ್‌ಗಳಿಗೂ ಆ ಅನುಮಾನ ಅಂಟಿಕೊಂಡಿದೆ. ನನಗೆ ಅದು ನಿಜಕ್ಕೂ ಸಂಕಟದ ವಿಷಯ.

ಹಾಗಾಗಿ ಒಂದು ಪುಸ್ತಕ ಇಡಿ. ಯಾವ ಸಂಖ್ಯೆ, ಯಾವ ದಿನ, ಯಾರಿಗೆ. ಸಾಗಣೆಯಲ್ಲಿ ಒಂದು ಪ್ರತಿ ಹಾಳಾದರೆ ಅದನ್ನು ವಾಪಸ್ ತರಿಸಿ ಅಥವಾ ಅದನ್ನು ಹರಿದು ಹಾಕಿದ್ದರ ಫೋಟೋ ತರಿಸಿ, ಆ ಸಂಖ್ಯೆಯನ್ನೇ ಮತ್ತೆ ಹಾಕಿ ಕೊಟ್ಟೆ ಅಂತ ಅಲ್ಲೇ ಬರೆದಿಡಿ. ಮುದ್ರಿಸುವವರ ಹತ್ತಿರ ಫೈಲ್ ಉಳಿಯುತ್ತದಾ ಅನ್ನುವುದನ್ನೂ ಕೇಳಿ. ತಾಮ್ರದ ತಗಡಿನ ಕಾಲದಲ್ಲಿ ಎಡಿಷನ್ ಮುಗಿದ ಮೇಲೆ ತಗಡಿನ ಮೇಲೆ ಅಡ್ಡ ಗೀರು ಎಳೆದು ರದ್ದು ಮಾಡುತ್ತಿದ್ದರು. ಹಳೆಯ ಡಚ್ ಕಲಾವಿದ ರೆಂಬ್ರಾಂಟ್‌ನ ತಗಡುಗಳು ಹಾಗೆ ರದ್ದಾಗದೆ ಕೈಯಿಂದ ಕೈಗೆ ಹೋಗಿ, ಅವನು ಸತ್ತ ಎಷ್ಟೋ ಕಾಲದ ಮೇಲೂ ಅವುಗಳಿಂದ ಪ್ರತಿ ಹೊಡೆಯುತ್ತಲೇ ಇದ್ದರು. ಫೈಲ್ ಅನ್ನು ಗೀರಿ ಕೆಡಿಸಲು ಆಗುವುದಿಲ್ಲ. ಅದಕ್ಕೇ ನಿಮ್ಮ ಬರಹದ ಮಾತಿಗೆ ಅಷ್ಟು ತೂಕ.

ಚೌಕಟ್ಟು

ಫ್ರೇಮ್ ಹಾಕುವ ಕೆಲಸ ನನ್ನದು. ಕೆಲವು ಮಾತು.

ಚಿತ್ರದ ಸುತ್ತ ಬಿಳಿ ಅಂಚು ಬಿಡಿ, ಕೆಳಗೆ ಸ್ವಲ್ಪ ಜಾಸ್ತಿ. ಹಾಳೆಯ ತುದಿವರೆಗೂ ನೀಲಿ ತುಂಬಿಸಿದರೆ ಸಹಿಗೆ ಜಾಗ ಇಲ್ಲ, ನಮಗೆ ಹಿಡಿಯುವುದಕ್ಕೂ ಜಾಗ ಇಲ್ಲ. ಕಡು ಬಣ್ಣದ ಮೇಲೆ ಬೆರಳಿನ ಗುರುತು ಬಿದ್ದರೆ ಹೋಗುವುದಿಲ್ಲ. ಹೊಳಪಿಲ್ಲದ ಪಿಗ್ಮೆಂಟ್ ಪ್ರಿಂಟಿನ ಮೈ ಬಹಳ ನಾಜೂಕು. ಉಗುರು ತಾಗಿದರೂ ಬಿಳಿ ಗೀರು. ಹತ್ತಿ ಕೈಗವಸು ಹಾಕಿಯೇ ಮುಟ್ಟಿ.

ಸಂಖ್ಯೆ ಎಡಕ್ಕೆ, ಹೆಸರು ಕೊಟ್ಟಿದ್ದರೆ ನಡುವೆ, ಸಹಿ ಬಲಕ್ಕೆ. ಪೆನ್ಸಿಲ್‌ನಲ್ಲೇ ಬರೆಯಿರಿ, ಎಚ್‌ಬಿ ಅಥವಾ 2ಬಿ. ಪೆನ್ಸಿಲಿನ ಗೀಟು ಬೆಳಕಿಗೆ ಮಾಸುವುದಿಲ್ಲ. ಹತ್ತಿ ಕಾಗದ ಮೆತ್ತಗಿರುವುದರಿಂದ ಕೈಯ ಒತ್ತು ಕಾಗದದೊಳಗೆ ಇಳಿಯುತ್ತದೆ. ಹಾಳೆಯನ್ನು ಓರೆಯಾಗಿ ಹಿಡಿದರೆ ಸಹಿ ಬರೀ ಗೆರೆಯಾಗಿ ಅಲ್ಲ, ಸಣ್ಣ ಕಾಲುವೆಯಾಗಿ ಕಾಣುತ್ತದೆ. ಮುದ್ರಿಸಿದ ಸಹಿಯಲ್ಲಿ ಅದು ಇರುವುದಿಲ್ಲ. ಅಂಗಡಿಗೆ ಬರುವ ಪ್ರಿಂಟ್‌ಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು.

ಪ್ರಿಂಟ್ ಜೊತೆ ಒಂದು ಚೀಟಿ ಹಾಕಿ: ಗಾಜಿಗೆ ಅಂಟಿಸಬೇಡಿ, ನಡುವೆ ಮೌಂಟ್ ಬೋರ್ಡ್ (ಗಾಜು ತಾಗದಂತೆ ಹಾಕುವ ರಟ್ಟು) ಇರಲಿ, ಅದು ಆಸಿಡ್ ಇಲ್ಲದ್ದಾಗಿರಲಿ, ಸೆಲ್ಲೋಟೇಪ್ ಬೇಡವೇ ಬೇಡ. ಟೇಪಿನ ಅಂಟು ಹಳದಿಯಾಗಿ ಕಾಗದದೊಳಗೆ ಇಳಿದರೆ ತೆಗೆಯುವುದು ಬಹಳ ಕಷ್ಟ. ನೇರ ಬಿಸಿಲು ಬೀಳುವ ಗೋಡೆ ಬಿಟ್ಟುಬಿಡಿ ಅಂತಲೂ ಬರೆಯಿರಿ. ಪಿಗ್ಮೆಂಟ್ ಬಾಳುತ್ತದೆ ಅಂದರೆ ಬಿಸಿಲಿಗೆ ಹಾಕಬಹುದು ಅಂತಲ್ಲ.

ಕಾಗದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂಗಳಲ್ಲಿ) ಆಸುಪಾಸು ಇದ್ದರೆ ಸಣ್ಣ ಕೊಳವೆಯಲ್ಲಿ ಸುತ್ತಿ ಕಳಿಸಬೇಡಿ. ಬಿಚ್ಚಿದ ಮೇಲೂ ಅದು ಸುರುಳಿಯಾಗೇ ಇರುತ್ತದೆ. ಎ3 ತಾನೇ, ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಕಳಿಸಿ. ಮೇಲೆ ಗ್ಲಾಸೀನ್ ಅನ್ನುವ ತೆಳು ನುಣುಪು ಕಾಗದದ ಹಾಳೆ ಹಾಕಿ, ಅದು ಬಣ್ಣಕ್ಕೆ ಅಂಟುವುದಿಲ್ಲ.

ತೆರೆದಬಾಗಿಲು

ಸರಿ, 50ಕ್ಕೆ ನೀವು ಹೇಳಿದ ಕಾರಣ ಪ್ರಾಮಾಣಿಕವಾಗಿದೆ. ನನ್ನ ಅಭಿಪ್ರಾಯ ನನ್ನ ಹತ್ತಿರವೇ ಇರಲಿ, ನಿಮಗೆ ಒಳ್ಳೆಯದಾಗಲಿ.

ಹಾಗಾದರೆ ಒಬ್ಬರಿಗೆ ಒಂದೇ ಪ್ರತಿ ಅಂತ ಇಡಿ. ಮಾರಾಟ ಶುರುವಾಗುವ ದಿನ, ಗಂಟೆ ಎರಡನ್ನೂ ಮುಂಚೆಯೇ ಎಲ್ಲರಿಗೂ ಒಟ್ಟಿಗೆ ತಿಳಿಸಿ. ಬೇರೆ ಬೇರೆ ಹೊತ್ತಿನಲ್ಲಿ ಎಚ್ಚರ ಇರುವವರಿಗಾಗಿ ಎರಡು ಕಂತಿನಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು, 25 ಬೆಳಗ್ಗೆ, 25 ರಾತ್ರಿ.

ಆಮೇಲೆ ಈ ಗೂಬೆ ಯಾರಾದರೂ ಕೇಳಿ ಬರೆಸಿಕೊಂಡದ್ದಾ? ಪುಸ್ತಕದ ಮುಖಪುಟಕ್ಕೋ ಪತ್ರಿಕೆಗೋ ಬರೆದದ್ದಾಗಿದ್ದರೆ ಒಪ್ಪಂದ ತೆಗೆದು ಓದಿ. ಪ್ರಿಂಟ್ ಮಾರುವ ಹಕ್ಕು ನಿಮ್ಮಲ್ಲೇ ಉಳಿದಿದೆಯಾ ಅನ್ನುವುದು ಅಲ್ಲಿ ಇರುತ್ತದೆ. ಕೊಳ್ಳುವವರಿಗೂ ಒಂದು ಸಾಲು ಹೇಳಿಬಿಡಿ: ಅವರು ಕೊಳ್ಳುವುದು ಹಾಳೆಯನ್ನು, ಚಿತ್ರದ ಹಕ್ಕನ್ನಲ್ಲ. ಅದನ್ನು ಸ್ಕ್ಯಾನ್ ಮಾಡಿ ಟೀಶರ್ಟ್ ಮೇಲೆ ಹಾಕುವ ಹಾಗಿಲ್ಲ.

ಗೆರೆಗಾರ್ತಿ

ಗೂಬೆ ನನಗಾಗಿ ಬರೆದದ್ದು, ಯಾರ ಒಪ್ಪಂದವೂ ಇಲ್ಲ. ಟೆಸ್ಟ್ ಪಟ್ಟಿ ಬಂತು. ಮಸಿಕೈ ಅವರು ಹೇಳಿದ ಹಾಗೇ ಪೊಟರೆಯ ಎಡ ಮೂಲೆ ಪೂರ್ತಿ ಮುಚ್ಚಿಹೋಗಿದೆ. ಕಣ್ಣು ಮಾತ್ರ ತುಂಬ ಚೆನ್ನಾಗಿ ಬಂದಿದೆ. ನೆರಳು ಎತ್ತಿ ಮತ್ತೆ ಕಳಿಸಿದ್ದೇನೆ.

ಮಾರಾಟದ ಪುಟಕ್ಕೆ ಇದನ್ನು ಬರೆದಿದ್ದೇನೆ, ನೋಡಿ ಹೇಳಿ:

"ಎ3 ಅಳತೆ, ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ ಮುದ್ರಣ. ಸಂಖ್ಯೆ ಹಾಕಿದ 50 ಪ್ರತಿ ಮತ್ತು 5 ಎಪಿ. ಎಲ್ಲದಕ್ಕೂ ಪೆನ್ಸಿಲ್ ಸಹಿ. ಈ ಪ್ರತಿಗಳು ಮುಗಿದ ಮೇಲೆ ಈ ಚಿತ್ರವನ್ನು ಇದೇ ಅಳತೆಯಲ್ಲಿ ಮತ್ತೆ ಮುದ್ರಿಸುವುದಿಲ್ಲ. ಪೋಸ್ಟ್‌ಕಾರ್ಡ್ ರೂಪದಲ್ಲಿ ಚಿತ್ರ ಮುಂದೆಯೂ ಸಿಗುತ್ತದೆ."

ಸಂಗ್ರಹಪ್ರಿಯೆ

ಬಹಳ ಸ್ಪಷ್ಟವಾಗಿದೆ. ಒಂದೇ ಕಡೆ ತಡೆಯುತ್ತೇನೆ. "ಇದೇ ಅಳತೆಯಲ್ಲಿ" ಅಂತ ಇದೆಯಲ್ಲ, ಎಗಲ್‌ಸ್ಟನ್ ವಿಷಯದಲ್ಲಿ ತಕರಾರು ಎದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ನಾಳೆ ಎ2 ಅಳತೆಯಲ್ಲಿ ತಂದರೆ ನಿಮ್ಮ ಈ ಸಾಲಿನ ಪ್ರಕಾರ ತಪ್ಪಿಲ್ಲ. ಆದರೆ ಇವತ್ತು ಕೊಳ್ಳುವವರು ಹಾಗೆ ಓದಿಕೊಳ್ಳುವುದಿಲ್ಲ. ದೊಡ್ಡದು ತರುವ ಯೋಚನೆ ಇದ್ದರೆ ಈಗಲೇ ಹೇಳಿ. ಇಲ್ಲದಿದ್ದರೆ "ಯಾವ ಅಳತೆಯಲ್ಲೂ" ಅಂತ ಮಾಡಿ.

ಮಸಿಕೈ

ಮೇಡಂ, ಕಾಗದದ ಹೆಸರು, ತೂಕ ಎರಡೂ ಪೂರ್ತಿ ಬರೆಯಿರಿ. ಹತ್ತಿ ಕಾಗದ ಅಂದರೆ ನೂರಕ್ಕೆ ನೂರು ಹತ್ತಿಯೂ ಇರಬಹುದು, ಅರ್ಧ ಮರದ ತಿರುಳೂ ಇರಬಹುದು. ಬೆಳ್ಳಗೆ ಕಾಣಲಿ ಅಂತ ಹಾಕುವ ಬ್ರೈಟ್ನರ್ ಇದೆಯಾ ಅನ್ನುವುದನ್ನೂ ಕೇಳಿ. ಅದು ವರ್ಷಗಳು ಹೋದ ಹಾಗೆ ಶಕ್ತಿ ಕಳೆದುಕೊಂಡು, ಬಿಳಿ ಅಂಚು ಹಳದಿ ಕಡೆಗೆ ತಿರುಗುತ್ತದೆ. ಮುದ್ರಿಸಿದ ಮೇಲೆ ಒಂದು ಪೂರ್ತಿ ದಿನ ಆರಲು ಬಿಟ್ಟು ಆಮೇಲೆ ಪ್ಯಾಕ್ ಮಾಡಿ.

ಗೆರೆಗಾರ್ತಿ

ಬದಲಾಯಿಸಿದೆ: "ಈ ಪ್ರತಿಗಳು ಮುಗಿದ ಮೇಲೆ ಈ ಚಿತ್ರವನ್ನು ಗೋಡೆಗೆ ಹಾಕುವ ಪ್ರಿಂಟ್ ಆಗಿ ಯಾವ ಅಳತೆಯಲ್ಲೂ, ಯಾವ ವಿಧಾನದಲ್ಲೂ ಮತ್ತೆ ಮುದ್ರಿಸುವುದಿಲ್ಲ. ಪೋಸ್ಟ್‌ಕಾರ್ಡ್ ಆಗಿ ಮತ್ತು ನನ್ನ ಚಿತ್ರಗಳ ಪುಸ್ತಕ ಬಂದರೆ ಅದರೊಳಗೆ ಮಾತ್ರ ಇರುತ್ತದೆ." ಕಾಗದ 308 ಜಿಎಸ್‌ಎಂ, ನೂರಕ್ಕೆ ನೂರು ಹತ್ತಿ, ಬ್ರೈಟ್ನರ್ ಇಲ್ಲದ್ದು. ಹೆಸರು ಸಮೇತ ಹಾಕಿದ್ದೇನೆ. ಒಬ್ಬರಿಗೆ ಒಂದು. 25 ಬೆಳಗ್ಗೆ, 25 ರಾತ್ರಿ.

ಹೊಸಗೋಡೆ

ಇದನ್ನೆಲ್ಲ ಓದಿದ ಮೇಲೆ ನನಗೂ ಒಂದು ಬೇಕು ಅನ್ನಿಸುತ್ತಿದೆ. ರಾತ್ರಿಯ ಕಂತು ಎಷ್ಟು ಗಂಟೆಗೆ ಮೇಡಂ?

ಗೆರೆಗಾರ್ತಿ

ಎರಡನೇ ಟೆಸ್ಟ್ ಪಟ್ಟಿ ನೋಡಿದ ಮೇಲೆ ದಿನ, ಗಂಟೆ ಎರಡನ್ನೂ ಇಲ್ಲೇ ಹಾಕುತ್ತೇನೆ. ಎಡ ಮೂಲೆ ಬಿಡಿಸಿಕೊಂಡು ಬರಲಿ, ಅದು ಸರಿಯಾಗುವವರೆಗೆ ತಾರೀಖು ಗೊತ್ತು ಮಾಡುವುದಿಲ್ಲ.